ಅಟ್ಟದಿಂದ ಇಳಿದ ಕಪ್ಪು ಡರ್ಬಿ ಶೂ: ಸೋಲ್, ಪಾಲಿಶ್, ಆಮೇಲೆ ಯಾವ ಬಟ್ಟೆಗೆ

ಕಪ್ಪು ಫಾರ್ಮಲ್ ಶೂ ಒಂದು ಜೊತೆ ಇದ್ದರೆ ಸಾಕು, ಎಲ್ಲ ಬಟ್ಟೆಗೂ ಆಗುತ್ತದೆ ಅಂತ ಹೇಳುವವರು ಜಾಸ್ತಿ. ಅರ್ಧ ನಿಜ. ಶೂ ಯಾವ ಆಕಾರದ್ದು, ಸೋಲ್ ಎಷ್ಟು ದಪ್ಪ, ಮೇಲೆ ಹೊಳಪು ಎಷ್ಟಿದೆ, ಈ ಮೂರನ್ನು ನೋಡಿದರೆ ಅದು ಸೂಟಿಗೆ ಹೋಗುತ್ತದೋ ಜೀನ್ಸಿಗೆ ಹೋಗುತ್ತದೋ ಗೊತ್ತಾಗುತ್ತದೆ. ಮೂರರಲ್ಲಿ ಎರಡು ರಿಪೇರಿ ಮಾಡುವಾಗ ನಮ್ಮ ಕೈಯಲ್ಲೇ ಇರುತ್ತವೆ. ಹಾಗಾಗಿ ಬ್ರಶ್ ಹಿಡಿಯುವ ಮೊದಲೇ, ಈ ಶೂ ಜೊತೆ ಯಾವ್ಯಾವ ಬಟ್ಟೆ ಹಾಕುತ್ತೇನೆ ಅಂತ ಪಟ್ಟಿ ಮಾಡಿಕೊಂಡೆ: ಶ್ರಾವಣದಲ್ಲಿ ಚಿಕ್ಕಪ್ಪನ ಮಗಳ ರಿಸೆಪ್ಶನ್‌ಗೆ ಬೂದು ಬಣ್ಣದ ಸೂಟು, ಕ್ಲೈಂಟ್ ಬಂದ ದಿನ ಆಫೀಸಿಗೆ ನೇವಿ ಪ್ಯಾಂಟು, ಉಳಿದ ದಿನ ಗಾಢ ಬಣ್ಣದ ಜೀನ್ಸು.

ಶೂ ಚಿಕ್ಕಪ್ಪನದ್ದೇ. ಬ್ಯಾಂಕಿನಲ್ಲಿದ್ದಾಗ ತಗೊಂಡಿದ್ದು. ರಿಟೈರ್ ಆದ ಮೇಲೆ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಗಂಟು ಹಾಕಿ ಅಟ್ಟದ ಮೇಲೆ ಇಟ್ಟಿದ್ದರು. "ನಿನ್ನ ಅಳತೇನೇ ಕಣೋ, ಎಂಟು. ಬೇಕಾದ್ರೆ ತಗೊಂಡು ಹೋಗು, ನಂಗೆ ಇನ್ನೆಲ್ಲಿ ಶೂ" ಅಂದರು. ಚಿಕ್ಕಮ್ಮ ಮಾತ್ರ ಅದನ್ನು ಗುಜರಿಗೆ ಹಾಕಲು ಹೊಸ್ತಿಲ ತನಕ ತಂದು ಇಟ್ಟಿದ್ದರು.

ಕವರ್ ಬಿಚ್ಚಿದಾಗ ಕಂಡದ್ದು ಇಷ್ಟು. ಕಪ್ಪು ಚರ್ಮ, ಮುಂಭಾಗದಲ್ಲಿ ಒಂದು ಅಡ್ಡ ಹೊಲಿಗೆ, ಅಂದರೆ ಕ್ಯಾಪ್ ಟೋ. ಬಿಳಿ ಬೂಷ್ಟು, ಅದರಲ್ಲೂ ನಾಲಿಗೆಯ ಕೆಳಗೆ ಮತ್ತು ಹೊಲಿಗೆ ಸಾಲುಗಳಲ್ಲಿ. ಎಡಗಾಲಿನ ಶೂನ ಮೂತಿಯ ಮೇಲೆ ಒಂದು ಕಡೆ ಮಾತ್ರ ಬಣ್ಣ ಕಿತ್ತು ಚರ್ಮ ಬೂದಾಗಿತ್ತು. ಬಲಗಾಲಿನದರಲ್ಲಿ ಆ ಗುರುತಿಲ್ಲ. ಬೈಕ್ ಓಡಿಸುವವರಿಗೆ ಕಾರಣ ಹೇಳಬೇಕಾಗಿಲ್ಲ, ಗೇರ್ ಲಿವರ್. ಹಿಮ್ಮಡಿಯಿಂದಲೂ ಒತ್ತುವ ಎರಡು ತುದಿಯ ಲಿವರ್ ಇದ್ದರೆ ಈ ಗಾಯ ಅಷ್ಟು ಬೇಗ ಆಗಲ್ಲ. ಒಂದೇ ತುದಿಯ ಲಿವರ್ ಇರುವ ಬೈಕಿನಲ್ಲಿ ಪ್ರತಿ ಗೇರ್ ಏರಿಸುವಾಗಲೂ ಶೂನ ಬೆನ್ನಿಗೇ ಉಜ್ಜುತ್ತದೆ. ಬೆಂಗಳೂರಿನಲ್ಲಿ ಟ್ರಾಫಿಕ್ಕಿಗೇ ಹೆಸರಾದ ಸಿಲ್ಕ್ ಬೋರ್ಡ್ ಕಡೆ ದಿನಾ ಹೋಗಿ ಬರುವವರ ಎಡಗಾಲಿನ ಶೂ ಗಮನಿಸಿ ನೋಡಿ.

ಇದು ಡರ್ಬಿನಾ ಆಕ್ಸ್‌ಫರ್ಡಾ ಅನ್ನೋದು ಮೊದಲ ಪ್ರಶ್ನೆ. ಲೇಸ್ ಪೂರ್ತಿ ಬಿಚ್ಚಿ, ಲೇಸ್ ತೂತುಗಳಿರುವ ಎರಡು ಪಟ್ಟಿಗಳನ್ನು ಎತ್ತಿ ನೋಡಬೇಕು. ಪಟ್ಟಿಗಳು ಬುಡದ ತನಕ ಬಿಡಿಬಿಡಿಯಾಗಿ ಮೇಲಕ್ಕೆ ಏಳುತ್ತವೆ, ಅಂದರೆ ಅವುಗಳನ್ನು ಮುಂಭಾಗದ ಚರ್ಮದ ಮೇಲೆ ಕೂರಿಸಿ ಹೊಲಿದಿದ್ದಾರೆ. ಅದು ಡರ್ಬಿ. ಪಟ್ಟಿಗಳ ಬುಡ ಮುಂಭಾಗದ ಚರ್ಮದ ಅಡಿಗೆ ಹೋಗಿ ಹೊಲಿಗೆಯಲ್ಲಿ ಮುಚ್ಚಿಕೊಂಡಿದ್ದರೆ ಆಕ್ಸ್‌ಫರ್ಡ್. ಆಕ್ಸ್‌ಫರ್ಡ್ ಲೇಸ್ ಕಟ್ಟಿದಾಗ ಪೂರ್ತಿ ಮುಚ್ಚಿಕೊಳ್ಳುತ್ತದೆ, ನೋಡೋಕೆ ನಯ, ಹಾಗಾಗಿ ಸೂಟಿಗೆ ಅದೇ ಮೊದಲ ಆಯ್ಕೆ. ಡರ್ಬಿ ಸ್ವಲ್ಪ ಸಡಿಲ, ಅಗಲ ಪಾದಕ್ಕೂ ಎತ್ತರದ ಪಾದಕ್ಕೂ ಹೊಂದುತ್ತದೆ, ಪ್ಯಾಂಟಿನ ಜೊತೆಗೂ ಜೀನ್ಸಿನ ಜೊತೆಗೂ ಬಾಳುತ್ತದೆ. ಚಿಕ್ಕಪ್ಪನದು ಡರ್ಬಿ. ಆಕ್ಸ್‌ಫರ್ಡ್ ಆಗಿದ್ದರೆ ಜೀನ್ಸ್ ಅನ್ನುವ ಐಡಿಯಾ ಅಲ್ಲೇ ಬಿಡಬೇಕಾಗಿತ್ತು.

ಬೂಷ್ಟು

ಮೊದಲು ಅದು ಬೂಷ್ಟೇ ಹೌದಾ ಅಂತ ನೋಡಬೇಕು. ಚರ್ಮದ ಒಳಗಿನ ಜಿಡ್ಡೂ ಕೆಲವು ಸಲ ಮೇಲೆ ಬಂದು ಬಿಳಿ ಪುಡಿಯ ಹಾಗೆ ಕೂರುತ್ತದೆ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ತೋರಿಸಿ. ಕರಗಿ ಮಾಯವಾದರೆ ಜಿಡ್ಡು, ಹಾಗೇ ಉಳಿದರೆ ಬೂಷ್ಟು. ನನ್ನದರಲ್ಲಿ ಹಾಗೇ ಉಳಿಯಿತು, ವಾಸನೆಯೂ ಸಾಕ್ಷಿ ಹೇಳುತ್ತಿತ್ತು. ಪ್ಲಾಸ್ಟಿಕ್ ಕವರ್ ಗಾಳಿ ಆಡೋಕೆ ಬಿಡುವುದಿಲ್ಲ, ಮಳೆಗಾಲದ ತೇವ ಒಳಗೆ ಹೋದರೆ ಹೊರಗೆ ಬರಲ್ಲ, ಕತ್ತಲೆ ಬೇರೆ. ಬೂಷ್ಟಿಗೆ ಇನ್ನೇನು ಬೇಕು.

ಈ ಕೆಲಸ ಮನೆಯೊಳಗೆ ಬೇಡ. ಟೆರೇಸಿಗೆ ಹೋಗಿ, ಮಾಸ್ಕ್ ಹಾಕಿಕೊಂಡು, ಹಳೇ ಬನಿಯನ್ ತುಂಡಿನಿಂದ ಒಣಗಿದ್ದಾಗಲೇ ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಸೀದಾ ಕಸಕ್ಕೆ ಹಾಕಿದೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒಳಗೂ ಹೊರಗೂ ಒರೆಸಿದೆ. ಸ್ಪಿರಿಟ್ ಬಣ್ಣವನ್ನೂ ಎಬ್ಬಿಸಬಲ್ಲದು, ಅದಕ್ಕೇ ನಾಲಿಗೆಯ ಒಳಭಾಗದಲ್ಲಿ ಒಂದು ಚುಕ್ಕೆ ಜಾಗದಲ್ಲಿ ಮೊದಲು ಪರೀಕ್ಷೆ ಮಾಡುವುದು ಒಳ್ಳೆಯದು. ಹಳೇ ಲೇಸ್ ಮತ್ತು ಒಳಗಿನ ತೆಗೆಯಬಹುದಾದ ಸುಖತಳ, ಅಂದರೆ ಪಾದದಡಿಯ ಮೆತ್ತೆ, ಎರಡನ್ನೂ ಎಸೆದೆ. ಅವುಗಳನ್ನು ಉಳಿಸಿಕೊಂಡರೆ ಬೂಷ್ಟು ಮತ್ತೆ ಅಲ್ಲಿಂದಲೇ ಹಬ್ಬುತ್ತದೆ.

ಒಣಗಿಸುವುದು ನೆರಳಿನಲ್ಲಿ, ಫ್ಯಾನ್ ಕೆಳಗೆ. "ಚೆನ್ನಾಗಿ ಬಿಸಿಲಿಗೆ ಇಡು, ಎಲ್ಲ ಸತ್ತುಹೋಗುತ್ತೆ" ಅಂತ ಮನೆಯಲ್ಲಿ ಹೇಳೇ ಹೇಳುತ್ತಾರೆ. ಬೂಷ್ಟು ಸಾಯುತ್ತದೋ ಇಲ್ಲವೋ, ಒದ್ದೆ ಚರ್ಮವನ್ನು ಬಿಸಿಲಿಗಿಟ್ಟರೆ ಅದು ಸೆಟೆದು ಬಿರುಕು ಬಿಡುವುದಂತೂ ಗ್ಯಾರಂಟಿ.

ಸೋಲ್

ಇಲ್ಲಿ ನಿಜವಾದ ಕೆಲಸ ಇತ್ತು. ಮೇಲಿಂದ ನೋಡಿದರೆ ಸೋಲ್ ಹೊಸದರಂತೆಯೇ ಇತ್ತು, ಸವೆದೇ ಇರಲಿಲ್ಲ. ಹಿಮ್ಮಡಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿದೆ. ಉಗುರು ಒಳಗೆ ಇಳಿಯಿತು. ಇನ್ನೊಂದು ಸ್ವಲ್ಪ ಒತ್ತಿದಾಗ ಅಂಚು ಕಪ್ಪು ಹರಳಾಗಿ ಉದುರಿತು, ಬೆರಳಿಗೆ ಜಿಗುಟಾಗಿ ಅಂಟಿಕೊಂಡಿತು, ಸೋಪ್ ಹಾಕಿದರೂ ಬೇಗ ಹೋಗಲಿಲ್ಲ.

ಇದು ಪಿಯು ಸೋಲಿನ ಹಣೆಬರಹ. ಪಿಯು ಅಂದರೆ ಪಾಲಿಯುರಿಥೇನ್. ಹಗುರ, ಮೆತ್ತಗೆ, ಕಾಲಿಗೆ ಆರಾಮ. ಆದರೆ ಗಾಳಿಯಲ್ಲಿರುವ ತೇವಾಂಶ ಅದರ ಒಳಗಿನ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತಾ ಹೋಗುತ್ತದೆ. ಇದಕ್ಕೆ ಹೈಡ್ರಾಲಿಸಿಸ್ ಅನ್ನುತ್ತಾರೆ. ಹಾಕಿದರೂ ಆಗುತ್ತದೆ, ಹಾಕದೆ ಇಟ್ಟರೂ ಆಗುತ್ತದೆ. ಬಿಸಿ, ತೇವ, ಗಾಳಿ ಆಡದ ಜಾಗ ಮೂರೂ ಸೇರಿದರೆ ಇನ್ನೂ ಬೇಗ. ಒಂದೆರಡು ಸಲ ಹಾಕಿ ಜೋಪಾನವಾಗಿ ಎತ್ತಿಟ್ಟ ಶೂ ಐದಾರು ವರ್ಷದ ಮೇಲೆ ಛತ್ರದ ಮಧ್ಯದಲ್ಲಿ ಕಳಚಿ ಬೀಳುವುದು ಇದರಿಂದಲೇ. ನಿಮ್ಮ ಮನೆಯ ಅಟ್ಟದಲ್ಲಿ "ಫಂಕ್ಷನ್‌ಗೆ ಮಾತ್ರ" ಅಂತ ಎತ್ತಿಟ್ಟಿರುವ ಜೊತೆ ಇದ್ದರೆ, ಫಂಕ್ಷನ್‌ಗೆ ಒಂದು ತಿಂಗಳು ಮೊದಲೇ ಇಳಿಸಿ ಹಿಮ್ಮಡಿಗೆ ಉಗುರು ಒತ್ತಿ ನೋಡಿ.

ಪಿಯು ಸೋಲ್ ಪುಡಿಯಾಗಲು ಶುರುವಾದರೆ ಅಂಟಿಸಿ ಉಳಿಸುವ ಮಾತೇ ಇಲ್ಲ. ಅಂಟು ಗಟ್ಟಿಯಾಗಿ ಹಿಡಿದರೂ ಅದು ಹಿಡಿಯುವುದು ಪುಡಿಯನ್ನು. ಪೂರ್ತಿ ಕಿತ್ತು ಬೇರೆ ಹಾಕಬೇಕು. ಇದನ್ನು ಮನೆಯಲ್ಲಿ ಮಾಡುವ ಧೈರ್ಯಕ್ಕೆ ಹೋಗಲಿಲ್ಲ. ಸೋಲನ್ನು ಸಮವಾಗಿ ಒತ್ತೋಕೆ ಅಚ್ಚು ಬೇಕು, ಅಂಚು ಕತ್ತರಿಸೋಕೆ ಪಳಗಿದ ಕೈ ಬೇಕು. ಗಾಂಧಿ ಬಜಾರ್ ಕಡೆ ಫುಟ್‌ಪಾತ್ ಮೇಲೆ ಪೆಟ್ಟಿಗೆ ಅಂಗಡಿ ಇಟ್ಟುಕೊಂಡಿರುವ ಯಜಮಾನರೊಬ್ಬರು ಇದ್ದಾರೆ, ಅವರ ಹತ್ತಿರ ತಗೊಂಡು ಹೋದೆ.

ಅವರು ಶೂ ಕೈಗೆ ತೆಗೆದುಕೊಂಡು ಎರಡೂ ತುದಿ ಹಿಡಿದು ಒಮ್ಮೆ ಬಗ್ಗಿಸಿದರು. ಮಧ್ಯದಲ್ಲಿ ಸೋಲ್ ಸೀಳಿತು.

"ಪಿಯು ಸಾರ್. ಮೇಲಿನ ಚರ್ಮ ಚೆನ್ನಾಗಿದೆ, ಇನ್ನೂ ಬಾಳುತ್ತೆ. ಕೆಳಗಡೆ ರಬ್ಬರ್ ಹಾಕಿಬಿಡೋಣ, ದಪ್ಪದ್ದು."

"ದಪ್ಪ ಬೇಡ ಯಜಮಾನ್ರೇ, ತೆಳ್ಳಗಿರಲಿ."

"ಮಳೆ ಅಲ್ವಾ ಸಾರ್? ದಪ್ಪ ಇದ್ರೆ ನೀರು ಮೇಲೆ ಬರಲ್ಲ."

"ಸೂಟ್ ಜೊತೆ ಹಾಕ್ಕೋಬೇಕು."

ಅವರು ಶೂ ಕೆಳಗಿಟ್ಟು ನನ್ನ ಮುಖ ನೋಡಿದರು. "ಅದನ್ನ ಮೊದಲೇ ಹೇಳಬಾರದಾ? ಸೂಟಿಗೆ ದಪ್ಪ ಹಾಕಿದ್ರೆ ಸೇಫ್ಟಿ ಶೂ ಆಗಿಬಿಡುತ್ತೆ. ಮುಂದೆ ತೆಳ್ಳಗೆ ಹಾಕ್ತೀನಿ, ಅಂಚು ಒಳಗಡೆ ತಗೋತೀನಿ. ನಿಂತಾಗ ರಬ್ಬರ್ ಅಂತ ಯಾರಿಗೂ ಗೊತ್ತಾಗಲ್ಲ."

ಅಂಚಿನ ಬಗ್ಗೆ ಅವರು ಹೇಳಿದ್ದೇ ಇಡೀ ರಿಪೇರಿಯ ಮುಖ್ಯ ಮಾತು. ಮೇಲಿನಿಂದ ನೋಡಿದಾಗ ಚರ್ಮದ ಸುತ್ತ ಸೋಲ್ ಎಷ್ಟು ಆಚೆ ಚಾಚಿಕೊಂಡಿದೆ ಅನ್ನೋದು ಶೂನ ಗತ್ತನ್ನೇ ಬದಲಿಸುತ್ತದೆ. ಅಂಚು ಕಮ್ಮಿ ಇದ್ದು ಸೋಲ್ ತೆಳ್ಳಗಿದ್ದರೆ ಸೂಟಿನ ಕಡೆ ವಾಲುತ್ತದೆ. ಅಂಚು ಅಗಲವಾಗಿ ಸೋಲ್ ದಪ್ಪಗಿದ್ದರೆ ಜೀನ್ಸ್, ಕಾರ್ಡುರಾಯ್, ದಪ್ಪ ಹತ್ತಿ ಪ್ಯಾಂಟುಗಳ ಕಡೆ.

ಲೆದರ್ ಸೋಲ್ ಯಾಕೆ ಹಾಕಿಸಲಿಲ್ಲ ಅಂತ ಕೇಳಬಹುದು. ನೋಡೋಕೆ ಅದೇ ಚೆಂದ, ಒಪ್ಪುತ್ತೇನೆ. ಆದರೆ ಮಳೆ ನಿಂತ ಮೇಲೆ ಮೆಟ್ರೋ ಸ್ಟೇಷನ್ನಿನ ಕಲ್ಲು ನೆಲದ ಮೇಲೆ ಹೊಸ ಲೆದರ್ ಸೋಲ್ ಹಾಕಿ ನಡೆದವರು ಆ ಪ್ರಶ್ನೆ ಕೇಳುವುದಿಲ್ಲ. ಜಾರುತ್ತದೆ, ನೀರು ಹೀರುತ್ತದೆ, ಒಣಗಲು ಹೊತ್ತು ತೆಗೆದುಕೊಳ್ಳುತ್ತದೆ. ನಮ್ಮೂರಿನ ರಸ್ತೆಗೆ ತೆಳ್ಳನೆಯ ರಬ್ಬರೇ ಸರಿ.

ಕೆಲಸ ನೋಡುತ್ತಾ ಅಲ್ಲೇ ಸ್ಟೂಲ್ ಮೇಲೆ ಕೂತಿದ್ದೆ. ಹಳೇ ಸೋಲ್ ಕಿತ್ತ ಮೇಲೆ ಉಳಿದ ಜಿಗುಟನ್ನು ಪೂರ್ತಿ ಕೆರೆದು ತೆಗೆದರು. ಜಾಸ್ತಿ ಹೊತ್ತು ಹಿಡಿದದ್ದು ಇದೇ. ಆಮೇಲೆ ಶೂನ ತಳವನ್ನೂ ರಬ್ಬರ್ ಹಾಳೆಯನ್ನೂ ಉಪ್ಪುಕಾಗದದಿಂದ ಒರಟು ಮಾಡಿದರು. ಎರಡೂ ಕಡೆ ಸೊಲ್ಯೂಷನ್ ಹಚ್ಚಿ ಪಕ್ಕಕ್ಕಿಟ್ಟು ಬೇರೆಯವರ ಚಪ್ಪಲಿಗೆ ಉಂಗುಷ್ಟ ಹಾಕಲು ಶುರು ಮಾಡಿದರು. ಹಸಿ ಇರುವಾಗಲೇ ಅಂಟಿಸಿದರೆ ಹಿಡಿಯಲ್ಲ. ಬೆರಳು ಮುಟ್ಟಿಸಿದರೆ ಎಳೆ ಬರಬಾರದು, ಅಷ್ಟು ಆರಬೇಕು. ಆರಿದ ಮೇಲೆ ಸಣ್ಣ ಸ್ಟೋವಿನ ಬಿಸಿ ತೋರಿಸಿ, ಮೂತಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಒತ್ತುತ್ತಾ ಬಂದರು. ಈ ಅಂಟು ಎರಡು ಮುಖ ತಾಗಿದ ಕ್ಷಣಕ್ಕೇ ಹಿಡಿದುಬಿಡುತ್ತದೆ, ಸರಿಸಿ ಕೂರಿಸುವ ಅವಕಾಶ ಇರುವುದಿಲ್ಲ. ಅವರ ಕೈ ಒಮ್ಮೆಯೂ ಅಲುಗಲಿಲ್ಲ. ಕಬ್ಬಿಣದ ಅಚ್ಚಿನ ಮೇಲೆ ಕೂರಿಸಿ ಸುತ್ತಿಗೆಯಿಂದ ಸುತ್ತಲೂ ಬಡಿದು, ಉಳಿಯಿಂದ ಅಂಚು ಸವರಿ, ಕೊನೆಗೆ ಮೇಣದ ದಾರದಿಂದ ಸುತ್ತ ಹೊಲಿಗೆ ಹಾಕಿದರು. ಹಿಮ್ಮಡಿಯ ಒಳಗೆ ಬಟ್ಟೆ ಹರಿದಿದ್ದ ಕಡೆ ತೆಳು ಚರ್ಮದ ಪ್ಯಾಚ್ ಒಂದನ್ನು ಕೇಳದೆಯೇ ಅಂಟಿಸಿಕೊಟ್ಟರು.

ಎಲ್ಲ ಸೇರಿ ಆದ ಖರ್ಚು ಈ ದರ್ಜೆಯ ಹೊಸ ಲೆದರ್ ಶೂ ಬೆಲೆಯ ಕಾಲು ಭಾಗವೂ ಇಲ್ಲ. ಹೊಸದೇ ಬೇಕು ಅನ್ನುವವರು ಒಮ್ಮೆ ಲಿಡ್ಕರ್ ಮಳಿಗೆಗೂ ಹೋಗಿ ಬನ್ನಿ. 1976ರಲ್ಲಿ ಶುರುವಾದ ನಮ್ಮ ರಾಜ್ಯದ್ದೇ ಚರ್ಮೋದ್ಯಮ ನಿಗಮ. ತಗೊಳ್ಳುವಾಗ ಸೋಲ್ ಯಾವುದು ಅಂತ ಕೇಳಿ ತಗೊಳ್ಳಿ, ಎಲ್ಲಿ ತಗೊಂಡರೂ ಸರಿ.

ಮೇಲ್ಮೈ ಮತ್ತು ಪಾಲಿಶ್

ಹಳೇ ಪಾಲಿಶ್ ಪದರಗಳ ಮೇಲೇ ಹೊಸದನ್ನು ಬಳಿದರೆ ಮಡಿಕೆ ಬೀಳುವ ಕಡೆ ಕಟ್ಟಿಕೊಂಡು ಬಿರಿಯುತ್ತದೆ. ಮೊದಲು ಎಲ್ಲ ತೆಗೆಯಬೇಕು. ಚರ್ಮ ತೊಳೆಯಲೆಂದೇ ಇರುವ ಸ್ಯಾಡಲ್ ಸೋಪ್ ಸಿಕ್ಕರೆ ಅದು, ಇಲ್ಲವಾದರೆ ಮೈ ಸೋಪಿನ ನೊರೆ ಮಾತ್ರ, ಹಳೇ ಟೂತ್ ಬ್ರಶ್‌ನಿಂದ ಹೊಲಿಗೆ ಸಾಲುಗಳನ್ನು ಉಜ್ಜಿ, ಹಿಂಡಿದ ಬಟ್ಟೆಯಿಂದ ಒರೆಸಿ ಮತ್ತೆ ನೆರಳಿಗೆ. ಒಳಗೆ ಬಿಳಿ ಕಾಗದ ತುರುಕಿದ್ದೆ, ಆಕಾರ ನಿಲ್ಲಲಿ ಅಂತ. ಪೇಪರ್ ಮಸಿ ಒಳಗಿನ ಲೈನಿಂಗ್‌ಗೂ ಆಮೇಲೆ ಸಾಕ್ಸಿಗೂ ಹತ್ತುತ್ತದೆ, ಅದಕ್ಕೆ ನ್ಯೂಸ್ ಪೇಪರ್ ಬಳಸಲಿಲ್ಲ.

ಒಣಗಿದ ಮೇಲೆ ಚರ್ಮ ಮೆತ್ತಗಾಗಿಸುವ ಲೆದರ್ ಕಂಡೀಷನರ್. ಬಟಾಣಿ ಗಾತ್ರದಷ್ಟು, ಒಂದೊಂದು ಶೂಗೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಆಯಿತಲ್ಲ ಅಂತ ಮನೆಯಲ್ಲಿ ಸಲಹೆ ಬಂತು. ಬರದೇ ಇರುತ್ತದಾ? ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟುವ ಅದೇ ಎಣ್ಣೆ ಚರ್ಮದ ಹೊಲಿಗೆಗಳಲ್ಲೂ ಹೆಪ್ಪುಗಟ್ಟುತ್ತದೆ. ಜಾಸ್ತಿ ಹಚ್ಚಿದರೆ ಚರ್ಮ ಜೋಲುತ್ತದೆ, ಧೂಳು ಕೂರುತ್ತದೆ, ಮೇಲೆ ಮೇಣದ ಪಾಲಿಶ್ ಹಿಡಿಯುವುದೂ ಇಲ್ಲ. ತಲೆಗೆ ಹಚ್ಚೋಣ.

ಗೇರ್ ಲಿವರ್ ಗಾಯಕ್ಕೆ ಸ್ವಲ್ಪ ತಾಳ್ಮೆ ಬೇಕಾಯಿತು. ಎದ್ದ ನಾರುಗಳನ್ನು 600 ನಂಬರ್ ಉಪ್ಪುಕಾಗದದಿಂದ, ಆಮೇಲೆ 1000 ನಂಬರಿನಿಂದ ಕೈ ಭಾರ ಹಾಕದೆ ಉಜ್ಜಿ ಸಮ ಮಾಡಿದೆ. ಬೆರಳು ಆಡಿಸಿದರೆ ತಡೆಯಬಾರದು, ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಉಜ್ಜಿದರೆ ಒಳಗಿನ ಸಡಿಲ ಚರ್ಮ ಬಂದುಬಿಡುತ್ತದೆ. ಆಮೇಲೆ ಕಪ್ಪು ಕ್ರೀಮ್ ಪಾಲಿಶ್, ತೆಳ್ಳಗೆ, ಒಂದು ಪದರ ಆರಿದ ಮೇಲೆ ಇನ್ನೊಂದು. ಕ್ರೀಮಿನಲ್ಲಿ ಬಣ್ಣ ಜಾಸ್ತಿ ಇರುತ್ತದೆ, ಚರ್ಮದೊಳಗೆ ಇಳಿಯುತ್ತದೆ. ಡಬ್ಬಿಯಲ್ಲಿ ಬರುವ ಚೆರ್ರಿ ಬ್ಲಾಸಮ್ ಥರದ ಮೇಣದ ಪಾಲಿಶ್ ಮೇಲೆ ಕೂತು ಹೊಳಪು ಕೊಡುತ್ತದೆ, ಗಾಯ ಮುಚ್ಚುವ ಕೆಲಸ ಅದರದ್ದಲ್ಲ. ಸ್ಪಂಜ್ ತಲೆಯ ಬಾಟಲಿ ಲಿಕ್ವಿಡ್ ಇದೆಯಲ್ಲ, ಬೆಳಗ್ಗೆ ಆತುರದಲ್ಲಿ ಎಲ್ಲರೂ ಬಳಿಯುವುದು, ಅದರಿಂದ ಚರ್ಮದ ಮೇಲೆ ಪ್ಲಾಸ್ಟಿಕ್ಕಿನಂಥ ತೆಳು ಪೊರೆ ಕೂರುತ್ತದೆ. ಆ ಹೊತ್ತಿಗೆ ಮಿರಮಿರ ಮಿಂಚುತ್ತದೆ, ಕೆಲವೇ ದಿನದಲ್ಲಿ ಮಡಿಕೆಗಳಲ್ಲಿ ಬಿರುಕು. ಒಳ್ಳೇ ಚರ್ಮಕ್ಕೆ ಅದನ್ನು ಹಚ್ಚಬೇಡಿ.

ಇಡೀ ಶೂಗೆ ಕ್ರೀಮ್ ಹಚ್ಚಿ, ಕುದುರೆ ಕೂದಲಿನ ಬ್ರಶ್‌ನಿಂದ ಬೇಗಬೇಗ ಉಜ್ಜಿದಾಗ ಬಂದದ್ದು ಮೆತ್ತನೆಯ ಹೊಳಪು. ನನ್ನ ಪ್ರಕಾರ ದಿನದ ಬಳಕೆಗೆ ಇಲ್ಲಿಗೇ ನಿಲ್ಲಿಸಬೇಕು. ಆಫೀಸ್ ಪ್ಯಾಂಟಿಗೂ ಜೀನ್ಸಿಗೂ ಇಷ್ಟೇ ಸಾಕು. ಕನ್ನಡಿಯಂಥ ಹೊಳಪು ಸೂಟಿನ ಜೊತೆಗೆ ಮಾತ್ರ ಒಪ್ಪುತ್ತದೆ. ಅದೂ ಮೂತಿ ಮತ್ತು ಹಿಮ್ಮಡಿಯ ಹಿಂಭಾಗದಲ್ಲಷ್ಟೆ, ಯಾಕೆಂದರೆ ಆ ಎರಡು ಕಡೆ ಒಳಗೆ ಗಟ್ಟಿ ತುಂಡು ಇಟ್ಟಿರುತ್ತಾರೆ, ಚರ್ಮ ಬಗ್ಗುವುದಿಲ್ಲ. ಬಗ್ಗುವ ಕಡೆ ಮೇಣ ದಪ್ಪಗೆ ಕಟ್ಟಿದರೆ ಮೊದಲ ಹೆಜ್ಜೆಗೇ ಬಿರಿದು ಬೆಳ್ಳಗಾಗುತ್ತದೆ. ಮಾಡುವ ಕ್ರಮ ಸುಲಭ: ಬೆರಳಿಗೆ ಹತ್ತಿ ಬಟ್ಟೆ ಬಿಗಿಯಾಗಿ ಸುತ್ತಿ, ಚೂರೇ ಚೂರು ಮೇಣ, ಒಂದು ಹನಿ ನೀರು, ಸಣ್ಣ ಸಣ್ಣ ಸುತ್ತು. ಮಂಜು ಕವಿದ ಹಾಗೆ ಆಗಿ ಆಮೇಲೆ ತಿಳಿಯಾಗುತ್ತದೆ. ಮತ್ತೆ ಚೂರು ಮೇಣ, ಒಂದು ಹನಿ. ಕೈ ನೋಯುತ್ತದೆ. ರೇಡಿಯೋ ಹಚ್ಚಿಕೊಂಡು ಕೂತರೆ ಸಮಯ ಹೋಗುತ್ತದೆ.

ಹೊಸ ಲೇಸ್ ಕಪ್ಪು, ತೆಳ್ಳನೆಯ ದುಂಡು, ಮೇಣ ಹಚ್ಚಿದ್ದು, 75 ಸೆಂಟಿಮೀಟರ್. ಐದು ಜೊತೆ ತೂತಿಗೆ ಅದು ಸರಿಯಾಗುತ್ತದೆ. ಚಪ್ಪಟೆ ದಪ್ಪ ಲೇಸ್ ಹಾಕಿದರೆ ಎಷ್ಟೇ ಪಾಲಿಶ್ ಮಾಡಿದರೂ ಶೂ ಸ್ಕೂಲ್ ಬ್ಯಾಗ್ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ.

ಈಗ ಬಟ್ಟೆ

ಕನ್ನಡಿ ಮುಂದೆ ಒಂದೊಂದೇ ಹಾಕಿ ನೋಡಿದೆ. ಹೆಂಡತಿ ತೀರ್ಪುಗಾರಳು.

ಬೂದು ಸೂಟು ಮೊದಲು. ಮೂತಿಗೆ ಮೇಣದ ಹೊಳಪು, ತೆಳು ಸೋಲ್, ಕಪ್ಪು ಬೆಲ್ಟ್. ಡರ್ಬಿ ಅಂತ ಹತ್ತಿರ ಬಂದು ಬಗ್ಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಸಾಕ್ಸ್ ಪ್ಯಾಂಟಿನ ಬಣ್ಣದ್ದು, ಮೊಣಕಾಲಿನ ಹತ್ತಿರದ ತನಕ ಬರುವಂಥದ್ದು, ಕುರ್ಚಿಯಲ್ಲಿ ಕೂತಾಗ ಕಾಲಿನ ರೋಮ ಕಾಣಬಾರದು ನೋಡಿ. ಜನ ಇಲ್ಲೇ ಎಡವುತ್ತಾರೆ: ಶೂ ಚೆನ್ನಾಗಿರುತ್ತದೆ, ಪ್ಯಾಂಟಿನ ಉದ್ದ ಜಾಸ್ತಿಯಾಗಿ ಮೂರು ಮಡಿಕೆ ಬಿದ್ದು ಶೂ ಅರ್ಧ ಮುಚ್ಚಿರುತ್ತದೆ. ಪ್ಯಾಂಟಿನ ಮುಂಭಾಗ ಶೂಗೆ ತಾಗಿ ಒಂದು ಸಣ್ಣ ಮಡಿಕೆ ಬಿದ್ದರೆ ಸಾಕು. ಟೈಲರ್ ಹತ್ತಿರ ಹೋಗುವಾಗ ಇದೇ ಶೂ ಹಾಕಿಕೊಂಡು ಹೋದೆ, ಚಪ್ಪಲಿಯಲ್ಲಿ ಅಳತೆ ಕೊಟ್ಟರೆ ಹಿಮ್ಮಡಿ ಎತ್ತರದ ಲೆಕ್ಕ ತಪ್ಪುತ್ತದೆ. ಬಾಟಮ್, ಅಂದರೆ ಪ್ಯಾಂಟಿನ ಕೆಳತುದಿಯ ಸುತ್ತಳತೆ, 14 ಇಂಚು ಮಾಡಿಬಿಡಲಾ ಅಂದರು, ಈಗಿನ ಹುಡುಗರೆಲ್ಲ ಅದೇ ಕೇಳುತ್ತಾರಂತೆ. ಅಷ್ಟು ಬಿಗಿ ಆದರೆ ಡರ್ಬಿಯ ಮೂತಿ ಉದ್ದವಾಗಿ ಕಾಣುತ್ತದೆ. 15ಕ್ಕೆ ನಿಲ್ಲಿಸಿದೆ.

ನೇವಿ ಸೂಟಾದರೂ ಕಪ್ಪು ಶೂ ಕಣ್ಣು ಮುಚ್ಚಿಕೊಂಡು ಹಾಕಬಹುದು. ಲಂಡನ್ನಿನ ಹಳೇ ಆಫೀಸುಗಳಲ್ಲಿ ಊರೊಳಗಿನ ಕೆಲಸಕ್ಕೆ ಕಪ್ಪು, ಹಳ್ಳಿಗೆ ಹೋಗುವಾಗ ಕಂದು ಅನ್ನುವ ಕಟ್ಟುಪಾಡು ಇತ್ತು. ನಮ್ಮ ಹೈಕೋರ್ಟ್ ಸುತ್ತಮುತ್ತ ಮಧ್ಯಾಹ್ನದ ಹೊತ್ತು ನಿಂತು ನೋಡಿದರೆ ಕಪ್ಪು ಕೋಟು, ಬಿಳಿ ಬ್ಯಾಂಡ್, ಕಪ್ಪು ಶೂಗಳ ಆ ಸಾಲು ಇನ್ನೂ ಕಾಣುತ್ತದೆ. ಕಪ್ಪು ಸೂಟಿಗಂತೂ ಬೇರೆ ಬಣ್ಣದ ಶೂ ಯೋಚನೆಯೇ ಬೇಡ, ನಮ್ಮ ಛತ್ರಗಳಲ್ಲಿ ಕಪ್ಪು ಸೂಟು ಮತ್ತು ಟ್ಯಾನ್ ಶೂ ಹಾಕಿ ನಿಂತ ಮದುಮಗನನ್ನು ಎಷ್ಟು ಸಲ ನೋಡಬೇಕೋ.

ಆಫೀಸು. ಐಟಿ ಕಂಪನಿಗಳಲ್ಲಿ ಸ್ನೀಕರ್ ಬಿಟ್ಟರೆ ಬೇರೆ ಶೂ ಕಾಣುವುದೇ ಕಮ್ಮಿ, ಕಪ್ಪು ಫಾರ್ಮಲ್ ಹಾಕಿಕೊಂಡು ಹೋದರೆ "ಎಲ್ಲಿ ಇಂಟರ್‌ವ್ಯೂ?" ಅಂತ ಪಕ್ಕದವರು ಕೇಳುತ್ತಾರೆ. ನೇವಿ ಅಥವಾ ಗಾಢ ಬೂದು ಪ್ಯಾಂಟು, ತಿಳಿ ನೀಲಿ ಶರ್ಟು, ಬ್ರಶ್ ಹೊಳಪಿನ ಡರ್ಬಿ. ಇದರಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಖಾಕಿ, ಬೀಜ್ ಬಣ್ಣದ ಚೀನೋ ಹತ್ತಿ ಪ್ಯಾಂಟಿನ ಜೊತೆ ಹಾಕಿ ನೋಡಿದೆ, ಹೆಂಡತಿ ತಲೆ ಅಲ್ಲಾಡಿಸಿದಳು. ಮೇಲೆಲ್ಲ ತಿಳಿ ಬಣ್ಣ, ಕೆಳಗೆ ಎರಡು ಕಪ್ಪು ಭಾರ. ಮೇಲೆ ನೇವಿ ಶರ್ಟ್ ಹಾಕಿ ಕಪ್ಪು ಬೆಲ್ಟ್ ಕಟ್ಟಿದ ಮೇಲೆ ಸ್ವಲ್ಪ ಸರಿಹೋಯಿತು, ಪೂರ್ತಿ ಅಲ್ಲ. ಆ ಪ್ಯಾಂಟಿಗೆ ಕಂದು ಶೂನೇ ಬೇಕು, ಅಷ್ಟೇ.

ಜೀನ್ಸಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕಪ್ಪು ಫಾರ್ಮಲ್ ಶೂ ಜೀನ್ಸಿಗೆ ಹೋಗಲ್ಲ ಅನ್ನುವವರು ನೋಡಿರುವುದು ತಿಳಿ ನೀಲಿ, ಉಜ್ಜಿ ಬೆಳ್ಳಗೆ ಮಾಡಿದ ಜೀನ್ಸಿನ ಜೊತೆ. ಅದು ನಿಜಕ್ಕೂ ಹೋಗಲ್ಲ. ಗಾಢ ಇಂಡಿಗೋ ಅಥವಾ ಕಪ್ಪು ಜೀನ್ಸ್, ಎಲ್ಲೂ ಹರಿದಿರಬಾರದು, ನೇರ ಕಟ್ಟು, ಕೆಳಗೆ ಒಂದೇ ಒಂದು ಸಣ್ಣ ಮಡಿಕೆ. ಮೇಲೆ ಬಿಳಿ ಶರ್ಟಿನ ತೋಳು ಮಡಚಿ, ಸಂಜೆಯಾದರೆ ಕಪ್ಪು ಅಥವಾ ಬೂದು ಜಾಕೆಟ್. ಶೂ ಮಾತ್ರ ಮೆತ್ತನೆ ಹೊಳಪಿನಲ್ಲಿರಬೇಕು. ಕನ್ನಡಿ ಹೊಳಪಿನ ಮೂತಿ ಇಟ್ಟುಕೊಂಡೇ ಜೀನ್ಸ್ ಹಾಕಿ ನೋಡಿದೆ, ಸೂಟಿನ ಪ್ಯಾಂಟ್ ಮರೆತು ಬಂದವನ ಹಾಗೆ ಕಂಡಿತು. ಹೊಸ ಗಾಢ ಜೀನ್ಸ್ ಬಣ್ಣ ಬಿಟ್ಟರೂ ಕಪ್ಪು ಶೂ ಮೇಲೆ ಗೊತ್ತಾಗುವುದಿಲ್ಲ, ಅದೊಂದು ಲಾಭ.

ಬಿಳಿ ಸಾಕ್ಸ್ ಬಗ್ಗೆ ಬರೆಯಬೇಕಾ? ಬೇಡ.

ಮುಚ್ಚು ಕಾಲರಿನ ಬಂದ್‌ಗಲಾ ಕೋಟಿಗೆ ಈ ಡರ್ಬಿ ಚೆನ್ನಾಗಿಯೇ ಕೂತಿತು. ಕುರ್ತಾ ಪೈಜಾಮಕ್ಕೆ ಬೇಡ, ಅದಕ್ಕೆ ಕೊಲ್ಹಾಪುರಿ ಇದೆ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಗುರುತಿನಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ, ಅಥಣಿಯ ಜೋಡು ಹಾಕಿದವರಿಗೆ ಅದರ ಗಟ್ಟಿತನ ಗೊತ್ತು.

ಪಂಚೆ? ಇದು ವಾದದ ವಿಷಯ. ಹಳೇ ಮೈಸೂರಿನ ಕಡೆಯ ಕಪ್ಪು ಬಿಳುಪು ಫೋಟೋಗಳಲ್ಲಿ ಕಚ್ಚೆಪಂಚೆ, ಮುಚ್ಚು ಕೋಟು, ಜರಿ ಪೇಟ, ಕಾಲಲ್ಲಿ ಕಪ್ಪು ಬೂಟು ಹಾಕಿ ನಿಂತ ಹಿರಿಯರನ್ನು ನೀವೂ ನೋಡಿರುತ್ತೀರಿ. ಎಷ್ಟು ಗತ್ತಾಗಿ ಕಾಣುತ್ತಾರೆ! ಅಲ್ಲಿ ಆ ಕೋಟೇ ಶೂಗೆ ಜಾಗ ಮಾಡಿಕೊಡುತ್ತದೆ. ಸಿಲ್ಕ್ ಶರ್ಟು, ಪಂಚೆ, ಶಲ್ಯದ ಈಗಿನ ಮದುವೆ ಉಡುಪಿಗೆ ಲೇಸ್ ಕಟ್ಟುವ ಶೂ ಹಾಕಿದರೆ ಕಾಲು ಬೇರೆಯವರದ್ದು ಅನ್ನಿಸುತ್ತದೆ. ಚಿಕ್ಕಪ್ಪನ ಅಭಿಪ್ರಾಯ ಬೇರೆ, ಅವರ ಮದುವೆ ಫೋಟೋದಲ್ಲಿ ಅವರು ಹಾಗೇ ನಿಂತಿದ್ದಾರೆ. ಮುಹೂರ್ತಕ್ಕೆ ನಾನು ಚಪ್ಪಲಿಯಲ್ಲೇ ಹೋಗುವವನು. ಹೇಗೂ ಮಂಟಪದ ಹತ್ತಿರ ಬಿಚ್ಚಬೇಕು.

ಬಿಚ್ಚುವ ವಿಷಯ ಬಂತಲ್ಲ, ಛತ್ರದಲ್ಲಿ ಹೊಸದಾಗಿ ಕಾಣುವ ಕಪ್ಪು ಶೂ ಬಿಟ್ಟು ಹೋಗುವಾಗ ಒಂದನ್ನು ಒಂದು ಮೂಲೆಯಲ್ಲಿ, ಇನ್ನೊಂದನ್ನು ಇನ್ನೊಂದು ಮೂಲೆಯಲ್ಲಿ ಇಡಿ. ಕದಿಯಲು ಬಂದವರಿಗೆ ಜೊತೆ ಹುಡುಕುವ ಪುರುಸೊತ್ತು ಇರುವುದಿಲ್ಲ. ಕತ್ತಲಲ್ಲಿ ತಪ್ಪಿ ಬೇರೆಯವರದ್ದು ಹಾಕಿಕೊಂಡು ಹೋಗುವ ಮಾವಂದಿರಿಗೂ ಇದೇ ಮದ್ದು.

ಇನ್ನು ಇಡುವ ಕ್ರಮ. ಒಂದು ದಿನ ಹಾಕಿದರೆ ಮಾರನೇ ದಿನ ರಜೆ, ಒಳಗಿನ ಬೆವರು ಆರಲು ಅಷ್ಟು ಹೊತ್ತು ಬೇಕು. ಮಳೆಯಲ್ಲಿ ನೆನೆದರೆ ಒಳಗೆ ಕಾಗದ ತುರುಕಿ, ಒದ್ದೆಯಾದಂತೆ ಬದಲಿಸುತ್ತಾ ನೆರಳಲ್ಲಿ ಒಣಗಿಸಿ, ಆಮೇಲಷ್ಟೇ ಕ್ರೀಮ್. ಪ್ಲಾಸ್ಟಿಕ್ ಕವರ್ ಬದಲು ಹತ್ತಿ ಬಟ್ಟೆಯ ಚೀಲ, ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ. ಅಟ್ಟಕ್ಕೆ ಹಾಕುವುದಿಲ್ಲ, ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲೇ ಜಾಗ ಮಾಡಿದ್ದೇನೆ. ರಿಸೆಪ್ಶನ್ ಮುಗಿದ ಮೇಲೆ ಮೂತಿಯ ಮೇಣವನ್ನು ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ಬಟ್ಟೆಯಿಂದ ಒರೆಸಿ ಇಳಿಸುತ್ತೇನೆ, ಸೋಮವಾರ ಅದೇ ಶೂ ಜೀನ್ಸ್ ಜೊತೆ ಆಫೀಸಿಗೆ. ಬೈಕಿನಲ್ಲಿ ಹೋಗುವ ದಿನಗಳಿಗೆ ಗೇರ್ ಲಿವರ್ ತುದಿಗೆ ಹಾಕುವ ರಬ್ಬರ್ ತೊಡುಪು ತಂದಿಟ್ಟಿದ್ದೇನೆ, ಇನ್ನೂ ಹಾಕಬೇಕು.